ಯುದ್ಧನೌಕೆಯಿಂದ ಬಂದ ಲಕೋಟೆ: ಠಸ್ಸೆಯನ್ನು ಸಾಕ್ಷಿಯಾಗಿ ಓದುವ ಬಗೆ

(ಹಾಸನದಲ್ಲಿ ಅಂಚೆಚೀಟಿ ಸಂಗ್ರಾಹಕರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸವನ್ನು ಇಲ್ಲಿ ಬರಹಕ್ಕೆ ಇಳಿಸಲಾಗಿದೆ. ಸಭೆಯಲ್ಲಿ ಕೇಳಿದ ಕೆಲವು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಆಯಾ ಸಂದರ್ಭದಲ್ಲೇ ಸೇರಿಸಿದ್ದೇನೆ.)

ಮಾನ್ಯರೇ,

ಹಾಸನ ಜಿಲ್ಲೆಯಲ್ಲಿ ಅಂಚೆಚೀಟಿ ಕೂಡಿಡುವವರ ಮನೆಗೆ ಹೋದರೆ 1981ರಲ್ಲಿ ಬಿಡುಗಡೆಯಾದ ಗೊಮ್ಮಟೇಶ್ವರನ ಚೀಟಿ ಒಂದಲ್ಲ ಒಂದು ಆಲ್ಬಮ್ಮಿನಲ್ಲಿ ಸಿಕ್ಕೇ ಸಿಗುತ್ತದೆ. ಆ ಚೀಟಿಯನ್ನು ನಾವು ಚಿತ್ರಕ್ಕಾಗಿ ಇಟ್ಟುಕೊಂಡಿದ್ದೇವೆ. ಅದರ ಮೇಲೆ ಠಸ್ಸೆ ಬಿದ್ದಿದ್ದರೆ ಬೆಲೆ ಇಳಿಯಿತೆಂದು ಬೇಸರಪಡುವವರೂ ನಮ್ಮಲ್ಲಿದ್ದಾರೆ. ನಾನು ಇಂದು ವಿವರಿಸಲಿರುವ ಸಂಗ್ರಹದಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಯುದ್ಧನೌಕೆಯ ಲಕೋಟೆಗಳನ್ನು ಸಂಗ್ರಹಿಸುವವನಿಗೆ ಚೀಟಿ ಯಾವುದಾದರೂ ಆದೀತು. ಅವನು ಭೂತಗನ್ನಡಿ ಹಿಡಿದು ನೋಡುವುದು ಠಸ್ಸೆಯನ್ನು, ಅದರೊಳಗಿನ ತಾರೀಖನ್ನು, ಕಳಿಸಿದವರ ವಿಳಾಸವನ್ನು, ಹಿಂಬದಿಯಲ್ಲಿ ಬಿದ್ದಿರಬಹುದಾದ ಇನ್ನೊಂದು ಠಸ್ಸೆಯನ್ನು. ಹಡಗು ಎಂಬುದು ಒಂದೆಡೆ ನಿಲ್ಲದ ಊರು. ಇಂಥ ದಿನ ಅದು ಇಂಥ ಕಡೆ ಇತ್ತು ಎಂದು ಲಕೋಟೆಯಿಂದ ಎಷ್ಟರ ಮಟ್ಟಿಗೆ ಸಾಧಿಸಿ ತೋರಿಸಬಹುದೋ ಅಷ್ಟರ ಮಟ್ಟಿಗೆ ಆ ಲಕೋಟೆಗೆ ಬೆಲೆ ಎಂಬುದು ನನ್ನ ಅಭಿಪ್ರಾಯ. ಮುಂದೆ ಹೇಳುವುದೆಲ್ಲ ಈ ಅಭಿಪ್ರಾಯದ ಸಮರ್ಥನೆ.

ಈ ಹವ್ಯಾಸ ಕ್ರಮಬದ್ಧವಾಗಿ ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿನ ನೌಕಾಪಡೆಯ ಹಡಗುಗಳಲ್ಲೇ ಅಂಚೆ ಕಚೇರಿ ತೆರೆಯಲು 1908ರಲ್ಲಿ ಕಾನೂನಿನ ಅನುಮತಿ ದೊರೆಯಿತು. ನಾವಿಕರಲ್ಲೇ ಒಬ್ಬನನ್ನು ಅಂಚೆ ಗುಮಾಸ್ತನನ್ನಾಗಿ ನೇಮಿಸಿ, ಹಡಗಿನ ಹೆಸರನ್ನೇ ಕೆತ್ತಿದ ಠಸ್ಸೆಯನ್ನು ಅವನ ಕೈಗೆ ಕೊಡಲಾಯಿತು. ದುಂಡನೆಯ ವೃತ್ತದಲ್ಲಿ ಹಡಗಿನ ಹೆಸರು, ನಡುವೆ ತಾರೀಖು, ಪಕ್ಕದಲ್ಲಿ ಚೀಟಿಯನ್ನು ರದ್ದುಗೊಳಿಸುವ ಅಡ್ಡಗೆರೆಗಳು. 1930ರ ದಶಕದ ಹಲವು ಠಸ್ಸೆಗಳಲ್ಲಿ ಆ ಅಡ್ಡಗೆರೆಗಳ ನಡುವೆ ಖಾಲಿ ಜಾಗವಿರುತ್ತಿತ್ತು. ಗುಮಾಸ್ತನು ರಬ್ಬರ್ ಅಕ್ಷರಗಳನ್ನು ಜೋಡಿಸಿ ಹಡಗು ನಿಂತಿರುವ ಬಂದರಿನ ಹೆಸರನ್ನೋ ಹಬ್ಬದ ಶುಭಾಶಯವನ್ನೋ ಅಲ್ಲಿ ಮೂಡಿಸುತ್ತಿದ್ದನು. ಒಂದೇ ಹಡಗಿನ ಒಂದು ವರ್ಷದ ಲಕೋಟೆಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿದರೆ ಅದು ಹೋದ ದಾರಿಯೇ ಕಣ್ಣ ಮುಂದೆ ಬರುತ್ತದೆ. ಈ ಠಸ್ಸೆಗಳ ಆಕಾರವನ್ನು ನೋಡಿ ಡಾ. ಫ್ರಾನ್ಸಿಸ್ ಲೋಸಿ ಎಂಬುವರು ಮಾಡಿದ ವರ್ಗೀಕರಣವನ್ನು ಸಂಗ್ರಾಹಕರು ಇಂದಿಗೂ ಬಳಸುತ್ತಾರೆ. ಇದಕ್ಕೆಂದೇ ಮೀಸಲಾದ ಯೂನಿವರ್ಸಲ್ ಶಿಪ್ ಕ್ಯಾನ್ಸಲೇಷನ್ ಸೊಸೈಟಿ 1932ರಲ್ಲಿ ಹುಟ್ಟಿತು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಕೆಲವೇ ಸೆಂಟು ಖರ್ಚಿನಲ್ಲಿ ನಡೆಯುತ್ತಿದ್ದ ಈ ಹವ್ಯಾಸ ಹಬ್ಬಿದ್ದರಲ್ಲಿ ಆಶ್ಚರ್ಯವಿಲ್ಲ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರೇ ಅಂಚೆಚೀಟಿ ಸಂಗ್ರಾಹಕರಾಗಿದ್ದುದೂ ಅದಕ್ಕೆ ಒದಗಿಬಂತು.

ಹಡಗಿನ ಬಾಳಿನ ಮುಖ್ಯ ದಿನಗಳಿಗೆಲ್ಲ ಲಕೋಟೆ ಮಾಡುವ ಪದ್ಧತಿ ಆಗಲೇ ರೂಢಿಗೆ ಬಂತು. ಹಡಗಿನ ಅಡಿಮರ ಇಟ್ಟು ಕಟ್ಟಲು ತೊಡಗಿದ ದಿನ, ನೀರಿಗಿಳಿಸಿದ ದಿನ, ಸೇವೆಗೆ ಸೇರಿದ ದಿನ, ಸೇವೆಯಿಂದ ನಿವೃತ್ತವಾದ ದಿನ. ಹೊಸಬರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನೀರಿಗಿಳಿಯುವ ದಿನ ಹಡಗಿನೊಳಗೆ ಅಂಚೆ ಕಚೇರಿ ಇರುವುದಿಲ್ಲ, ಆದ್ದರಿಂದ ಆ ದಿನದ ಲಕೋಟೆಯ ಮೇಲೆ ಹಡಗುಕಟ್ಟೆ ಇರುವ ಊರಿನ ಠಸ್ಸೆಯೇ ಇರಬೇಕು. ಸೇವೆಗೆ ಸೇರಿದ ಮೇಲೂ ಅಂಚೆ ಕಚೇರಿ ತೆರೆಯಲು ಕೆಲವು ದಿನ ಹಿಡಿಯಬಹುದು. ಹಾಗಾಗಿ ಹಡಗಿನ ಮೊದಲ ದಿನ ಬೇರೆ, ಅದರ ಅಂಚೆಯ ಮೊದಲ ದಿನ ಬೇರೆ. ಲಕೋಟೆಯ ಎಡಬದಿಯಲ್ಲಿ ಅಂದವಾಗಿ ಅಚ್ಚು ಹಾಕಿದ ಹಡಗಿನ ಚಿತ್ರವನ್ನು ಸಂಗ್ರಾಹಕರು ಕ್ಯಾಶೆ ಎನ್ನುತ್ತಾರೆ. ಅದನ್ನು ಯಾರು ಬೇಕಾದರೂ, ಯಾವಾಗ ಬೇಕಾದರೂ ಅಚ್ಚು ಹಾಕಿಸಬಹುದು. ಕ್ಯಾಶೆಗೆ ಮರುಳಾಗಿ ಹಣ ಕೊಡುವವರು ಚಿತ್ರಕ್ಕೆ ಹಣ ಕೊಡುತ್ತಿದ್ದಾರೆಯೇ ಹೊರತು ಹಡಗಿಗಲ್ಲ.

1941ರ ಡಿಸೆಂಬರ್ 7ರಂದು ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ ನಡೆಯಿತು. ಅರಿಜೋನಾ ಹಡಗೊಂದರಲ್ಲೇ 1,177 ಮಂದಿ ಪ್ರಾಣ ಕಳೆದುಕೊಂಡರು. ಅದಕ್ಕೆ ಮೊದಲಿನ ತಿಂಗಳುಗಳಲ್ಲಿ ಆ ಹಡಗಿನಿಂದ ಹೊರಟ ಸಾಧಾರಣ ಪತ್ರಗಳಿಗೂ ಇಂದು ಬಹಳ ಬೇಡಿಕೆಯಿದೆ. ಆದರೆ ನನ್ನ ವಿಷಯಕ್ಕೆ ಮುಖ್ಯವಾದದ್ದು ಆಮೇಲೆ ಆದ ಬದಲಾವಣೆ. ಯುದ್ಧಕ್ಕೆ ಇಳಿದ ಕೂಡಲೇ ಅಮೆರಿಕದ ನೌಕಾಪಡೆ ಠಸ್ಸೆಗಳಿಂದ ಹಡಗಿನ ಹೆಸರನ್ನು ತೆಗೆಸಿತು. ವೃತ್ತದಲ್ಲಿ ಬರಿದೇ ‘ಯು.ಎಸ್. ನೇವಿ’ ಎಂದಷ್ಟೇ ಉಳಿಯಿತು. ಬ್ರಿಟಿಷರ ಪದ್ಧತಿ ಇನ್ನೂ ಬಿಗಿಯಾದದ್ದು. ಅವರ ಯುದ್ಧನೌಕೆಗಳ ಪತ್ರಗಳನ್ನು ಹಡಗಿನ ಅಧಿಕಾರಿಗಳೇ ಓದಿ, ಸೆನ್ಸಾರ್ ಮುದ್ರೆ ಒತ್ತಿ, ಚೀಲದಲ್ಲಿ ದಡಕ್ಕೆ ಕಳಿಸುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ‘ಮ್ಯಾರಿಟೈಮ್ ಮೇಲ್’ ಎಂಬ ಒಂದೇ ಬಗೆಯ ಠಸ್ಸೆ ಎಲ್ಲ ಹಡಗುಗಳ ಪತ್ರಗಳಿಗೂ ಬೀಳುತ್ತಿತ್ತು. ಅದರಿಂದ ಹಡಗು ಯಾವುದು, ಸಮುದ್ರ ಯಾವುದು ಎಂದು ತಿಳಿಯುವಂತಿರಲಿಲ್ಲ. ಹೆಸರಿಲ್ಲದ ಠಸ್ಸೆಯ ಲಕೋಟೆಯನ್ನು ಅರ್ಧ ಬೆಲೆಗೂ ಬೇಡವೆನ್ನುವವರಿದ್ದಾರೆ. ಠಸ್ಸೆಯಲ್ಲಿ ಹೆಸರಿಲ್ಲ ಎಂಬುದೇ ಹಡಗು ಯುದ್ಧದಲ್ಲಿತ್ತು ಎಂಬುದಕ್ಕೆ ಪುರಾವೆಯಾದ್ದರಿಂದ ನಾನು ಅದನ್ನೇ ಮೊದಲು ಕೈಗೆತ್ತಿಕೊಳ್ಳುತ್ತೇನೆ.

ಒಂದು ಪತ್ರದಿಂದ ಹಡಗಿನ ಜಾಡು ಸಿಗಬಹುದೆಂಬ ಭಯ ಅತಿರೇಕವೇನಲ್ಲ. ಅದಕ್ಕೆ ನಮ್ಮದೇ ನೌಕಾಪಡೆಯ ಉದಾಹರಣೆಯಿದೆ. 1971ರ ಯುದ್ಧದ ಹೊತ್ತಿನಲ್ಲಿ ವಿಮಾನವಾಹಕ ನೌಕೆ ವಿಕ್ರಾಂತ್ ಎಲ್ಲಿದೆ ಎಂಬುದು ಪಾಕಿಸ್ತಾನಕ್ಕೆ ಬಹಳ ಮುಖ್ಯವಾದ ಪ್ರಶ್ನೆಯಾಗಿತ್ತು. ಅದನ್ನು ಮುಳುಗಿಸಲೆಂದೇ ಘಾಜಿ ಎಂಬ ಜಲಾಂತರ್ಗಾಮಿ ಬಂಗಾಳ ಕೊಲ್ಲಿಗೆ ಬಂದಿತ್ತು. ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ವಿಕ್ರಾಂತನ್ನು ದೂರದ ಅಂಡಮಾನಿನ ಕಡೆ ಅಡಗಿಸಿಟ್ಟು, ಅದು ವಿಶಾಖಪಟ್ಟಣದ ಬಳಿಯಲ್ಲೇ ಇದೆ ಎಂಬ ನಂಬಿಕೆ ಹುಟ್ಟಿಸಲು ಹಲವು ತಂತ್ರಗಳನ್ನು ಹೂಡಿದರು. ರಜಪೂತ್ ಎಂಬ ಹಳೆಯ ಹಡಗಿನಿಂದ ದೊಡ್ಡ ನೌಕೆಯೊಂದು ಕಳಿಸುವಷ್ಟು ರೇಡಿಯೋ ಸಂದೇಶಗಳನ್ನು ಕಳಿಸಲಾಯಿತು. ಅದರ ಜೊತೆಗೆ, ವಿಕ್ರಾಂತಿನ ನಾವಿಕನೊಬ್ಬ ಕಾಯಿಲೆ ಬಿದ್ದ ತಾಯಿಯ ಕ್ಷೇಮ ವಿಚಾರಿಸಿ ಕಳಿಸಿದಂತೆ ತೋರುವ ಖಾಸಗಿ ತಂತಿಯೊಂದನ್ನು ಗುಪ್ತಲಿಪಿ ಬಳಸದೆ, ಬೇಕೆಂದೇ ಹೊರಬಿಟ್ಟರು. ಘಾಜಿ ವಿಶಾಖಪಟ್ಟಣದ ಹೊರಗೆ ಡಿಸೆಂಬರ್ 3 ಮತ್ತು 4ರ ನಡುವಿನ ರಾತ್ರಿ ಮುಳುಗಿತು. ಅದು ಹೇಗೆ ಮುಳುಗಿತೆಂಬುದರ ಬಗ್ಗೆ ಎರಡೂ ದೇಶಗಳ ಹೇಳಿಕೆ ಬೇರೆಬೇರೆಯಾಗಿದೆ; ಆ ಚರ್ಚೆ ಇಲ್ಲಿ ಬೇಡ. ಮನೆಯವರ ಕ್ಷೇಮ ಕೇಳುವ ಎರಡು ಸಾಲಿನಿಂದ ಹದಿನಾರು ಸಾವಿರ ಟನ್ನಿಗೂ ಮಿಕ್ಕಿದ ಹಡಗನ್ನು ಪತ್ತೆ ಹಚ್ಚಬಹುದೆಂದು ಎರಡೂ ಕಡೆಯವರು ನಂಬಿದ್ದರೆಂಬುದನ್ನು ಮಾತ್ರ ಗಮನಿಸಿ.

ಭಾರತದ ಯುದ್ಧನೌಕೆಗಳ ಅಂಚೆಯ ವಿಷಯಕ್ಕೆ ಬಂದರೆ, ಅಮೆರಿಕದ ಪುಸ್ತಕಗಳನ್ನು ಓದಿ ಬಂದವರಿಗೆ ನಿರಾಸೆ ಕಾದಿದೆ. ನಮ್ಮಲ್ಲಿ ಹಡಗಿನ ಹೆಸರು ಕೆತ್ತಿದ ದಿನಬಳಕೆಯ ಠಸ್ಸೆಯನ್ನು ನಿರೀಕ್ಷಿಸಬಾರದು. ನಾವಿಕನಿಗೆ ಬರೆಯುವ ಪತ್ರದ ಮೇಲೆ ಹಡಗಿನ ಹೆಸರಿನ ಕೆಳಗೆ ಮುಂಬೈ, ಕೊಚ್ಚಿ ಅಥವಾ ವಿಶಾಖಪಟ್ಟಣದ ಫ್ಲೀಟ್ ಮೇಲ್ ಆಫೀಸಿನ ವಿಳಾಸವಿರುತ್ತದೆ. ಹಡಗು ಎಲ್ಲಿದೆಯೋ ಅಲ್ಲಿಗೆ ಅದನ್ನು ತಲುಪಿಸುವುದು ಆ ಕಚೇರಿಯ ಕೆಲಸ. ನಾವಿಕನು ಕಳಿಸಿದ ಪತ್ರವಾದರೆ ಹಡಗಿನ ಹೆಸರು ಕಾಣುವುದು ಕಳಿಸಿದವರ ವಿಳಾಸದಲ್ಲಿ, ಇಲ್ಲವೇ ಹಡಗಿನ ಕಚೇರಿಯ ರಬ್ಬರ್ ಸ್ಟಾಂಪಿನಲ್ಲಿ. ಸೇನಾ ಅಂಚೆ ಸೇವೆಯವರು ಹಡಗೊಂದು ಸೇವೆಗೆ ಸೇರುವಾಗ, ನಿವೃತ್ತವಾಗುವಾಗ, ವಾರ್ಷಿಕೋತ್ಸವ ಆಚರಿಸುವಾಗ ವಿಶೇಷ ಲಕೋಟೆಗಳನ್ನು ಹೊರತರುತ್ತಾರೆ. ಒಳಗೆ ಹಡಗಿನ ಇತಿಹಾಸದ ಚಿಕ್ಕ ಹಾಳೆಯೂ ಇರುತ್ತದೆ, ಓದಲು ಅದು ಬಹಳ ಉಪಯುಕ್ತ. 2001ರಲ್ಲಿ ಮುಂಬೈನಲ್ಲಿ, 2016ರಲ್ಲಿ ವಿಶಾಖಪಟ್ಟಣದಲ್ಲಿ ನಡೆದ ಅಂತರರಾಷ್ಟ್ರೀಯ ನೌಕಾ ಪರಿಶೀಲನೆಗಳ ನೆನಪಿನ ಚೀಟಿಗಳು, ಲಕೋಟೆಗಳು ಸುಲಭವಾಗಿ ಸಿಗುತ್ತವೆ. ಇವೆಲ್ಲ ಆರಂಭಕ್ಕೆ ಒಳ್ಳೆಯವು. ಆದರೆ ಇವು ಸಮಾರಂಭಕ್ಕಾಗಿ ಮಾಡಿದ ಲಕೋಟೆಗಳು. ಬಹುಪಾಲು ಹಡಗನ್ನು ಹತ್ತಿ ಇಳಿದವಲ್ಲ. ನಾವಿಕನೊಬ್ಬ ಅಕ್ಕನಿಗೆ ಬರೆದು ಕಳಿಸಿದ, ಮೂಲೆ ಮುದುಡಿದ ಅಂತರ್ದೇಶೀಯ ಪತ್ರ ನನ್ನ ಲೆಕ್ಕದಲ್ಲಿ ಇಂತಹ ಹತ್ತು ವಿಶೇಷ ಲಕೋಟೆಗಳಿಗಿಂತ ಮೇಲು.

ಯಾವ ಹಡಗನ್ನು ಆರಿಸಿಕೊಳ್ಳಬೇಕೆಂದು ವಿದ್ಯಾರ್ಥಿಯೊಬ್ಬರು ಕೇಳಿದರು. ಎಲ್ಲವನ್ನೂ ಕೂಡಿಡಲು ಹೊರಟರೆ ಯಾವುದೂ ಪೂರ್ಣವಾಗುವುದಿಲ್ಲ, ಒಂದೇ ಹಡಗನ್ನು ಹಿಡಿಯಿರಿ ಎಂದೆ. ಈ ಭಾಗದವರಿಗೆ ಸಹಜವಾಗಿ ಒಗ್ಗುವುದು ಐ.ಎನ್.ಎಸ್. (ಭಾರತೀಯ ನೌಕಾಪಡೆಯ ಹಡಗು) ಮೈಸೂರು. ಬ್ರಿಟಿಷ್ ನೌಕಾಪಡೆಯಲ್ಲಿ ನೈಜೀರಿಯಾ ಎಂಬ ಹೆಸರಿನಿಂದ 1940ರಲ್ಲಿ ಸೇವೆಗೆ ಸೇರಿ, 1942ರ ಆಗಸ್ಟ್‌ನಲ್ಲಿ ಮಾಲ್ಟಾ ದ್ವೀಪಕ್ಕೆ ಸರಕು ಸಾಗಿಸುತ್ತಿದ್ದ ಹಡಗುಗಳ ಕಾವಲಿಗೆ ಹೋಗಿ ಟಾರ್ಪಿಡೋ ಪೆಟ್ಟು ತಿಂದ, ಕ್ರೂಸರ್ ಎಂಬ ಬಗೆಯ ದೊಡ್ಡ ಯುದ್ಧನೌಕೆ ಅದು. ಭಾರತ ಅದನ್ನು ಕೊಂಡು 1957ರ ಆಗಸ್ಟ್ 29ರಂದು ಮೈಸೂರು ಎಂಬ ಹೆಸರಿನಲ್ಲಿ ಸೇವೆಗೆ ಸೇರಿಸಿಕೊಂಡಿತು. 1971ರಲ್ಲಿ ಪಶ್ಚಿಮ ನೌಕಾದಳದ ಪತಾಕಾ ನೌಕೆ (ದಳದ ಮುಖ್ಯಸ್ಥರಿರುವ ಹಡಗು) ಇದೇ ಆಗಿತ್ತು. 1985ರಲ್ಲಿ ಅದು ನಿವೃತ್ತವಾಯಿತು. ಅದೇ ಹೆಸರಿನ, ಮುಂಬೈಯಲ್ಲೇ ಕಟ್ಟಿದ ವಿಧ್ವಂಸಕ ನೌಕೆ 1999ರ ಜೂನ್ 2ರಂದು ಸೇವೆಗೆ ಬಂತು. ಅದರ ಲಾಂಛನದಲ್ಲಿ ನಮ್ಮ ಬಸ್ಸುಗಳ ಮೇಲೂ ಸರ್ಕಾರಿ ಕಾಗದಗಳ ಮೇಲೂ ಕಾಣುವ ಗಂಡಭೇರುಂಡವೇ ಇದೆ. ಲಕೋಟೆಯ ಮೂಲೆಯಲ್ಲಿ ಗಂಡಭೇರುಂಡ ಕಂಡರೆ ಅದು ಸರ್ಕಾರಿ ಇಲಾಖೆಯ ಪತ್ರವೆಂದು ಪಕ್ಕಕ್ಕೆ ತಳ್ಳುವ ಮುನ್ನ ಒಮ್ಮೆ ಹೆಸರು ಓದಿ ನೋಡಿ.

ಇನ್ನೂ ಶ್ರಮಪಡಲು ಸಿದ್ಧರಿರುವವರಿಗೆ ಹಳೆಯ ಐ.ಎನ್.ಎಸ್. ದೆಹಲಿ ಇದೆ. 1939ರ ಡಿಸೆಂಬರ್ 13ರಂದು ದಕ್ಷಿಣ ಅಮೆರಿಕದ ಪ್ಲೇಟ್ ನದಿಯ ಅಳಿವೆಯ ಬಳಿ ಜರ್ಮನಿಯ ಗ್ರಾಫ್ ಸ್ಪೀ ನೌಕೆಯನ್ನು ಎದುರಿಸಿದ ಮೂರು ಕ್ರೂಸರ್‌ಗಳಲ್ಲಿ ಇದೂ ಒಂದು. ಆಗ ಅದರ ಹೆಸರು ಎಚ್.ಎಂ.ಎಸ್. (ಬ್ರಿಟಿಷ್ ನೌಕಾಪಡೆಯ ಹಡಗು) ಅಖಿಲೀಸ್. 1941ರಲ್ಲಿ ನ್ಯೂಜಿಲೆಂಡಿನ ನೌಕಾಪಡೆ ತನ್ನದೇ ಹೆಸರು ಪಡೆದಾಗ ಅದು ಎಚ್.ಎಂ.ಎನ್.ಜೆಡ್.ಎಸ್. ಅಖಿಲೀಸ್ ಆಯಿತು, 1948ರಲ್ಲಿ ಭಾರತಕ್ಕೆ ಬಂದು ಎಚ್.ಎಂ.ಐ.ಎಸ್. ದೆಹಲಿಯಾಯಿತು, 1950ರಲ್ಲಿ ಗಣರಾಜ್ಯವಾದ ಮೇಲೆ ಐ.ಎನ್.ಎಸ್. ದೆಹಲಿ. 1978ರವರೆಗೆ ಸೇವೆಯಲ್ಲಿದ್ದ ಒಂದೇ ಹಡಗಿಗೆ ನಾಲ್ಕು ಬಗೆಯ ವಿಳಾಸ, ಮೂರು ದೇಶಗಳ ಅಂಚೆ. ಇವುಗಳಲ್ಲಿ 1948ರಿಂದ 1950ರ ನಡುವಿನ, ಎರಡು ವರ್ಷವೂ ಪೂರ್ತಿಯಾಗದ ಅವಧಿಯ ಪತ್ರಗಳನ್ನು ಹುಡುಕುವುದು ಎಲ್ಲಕ್ಕಿಂತ ಕಷ್ಟ ಮತ್ತು ಎಲ್ಲಕ್ಕಿಂತ ರುಚಿಕರ.

ಈಗ ನಕಲಿಯ ಮಾತು. ಬೇಡಿಕೆ ಇರುವಲ್ಲಿ ನಕಲಿ ಇರುತ್ತದೆ. ಅರಿಜೋನಾದಂತಹ ಹೆಸರಿರುವ ಲಕೋಟೆಗಳನ್ನು ಪರಿಣತರಿಗೆ ತೋರಿಸದೆ ಕೊಳ್ಳಲೇಬಾರದು. ನಮ್ಮ ದೇಶದ ಲಕೋಟೆಗಳನ್ನು ಪರೀಕ್ಷಿಸಲು ಮಾತ್ರ ನಮ್ಮಲ್ಲೇ ಸಾಕಷ್ಟು ಸಾಧನಗಳಿವೆ, ಅವು ಬಹುತೇಕ ನಮಗೆ ಗೊತ್ತಿರುವ ಸಂಗತಿಗಳೇ. ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. 1971ರ ಯುದ್ಧದ ಲಕೋಟೆ ಎಂದು ಯಾರಾದರೂ ತೋರಿಸಿದಾಗ ವಿಳಾಸದಲ್ಲಿ 573201 ಎಂದು ಅದೇ ಶಾಯಿಯಲ್ಲಿ ಬರೆದಿದ್ದರೆ ಅದನ್ನು ವಿನಯದಿಂದ ಹಿಂದಿರುಗಿಸಬಹುದು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೂ ಮೊದಲಿನ ಪತ್ರದಲ್ಲಿ ‘ಹಾಸನ, ಮೈಸೂರು ರಾಜ್ಯ’ ಎಂದಿದ್ದರೆ ಅದು ಸಹಜ. ಬಾಂಗ್ಲಾ ನಿರಾಶ್ರಿತರ ನೆರವಿಗಾಗಿ 1971ರ ನವೆಂಬರ್ 15ರಿಂದ ಐದು ಪೈಸೆಯ ಹೆಚ್ಚುವರಿ ಚೀಟಿಯನ್ನು ಅಂಟಿಸುವ ನಿಯಮ ಬಂತು. ಆದ್ದರಿಂದ ಆ ಡಿಸೆಂಬರಿನಲ್ಲಿ ಊರಿನಿಂದ ನಾವಿಕನಿಗೆ ಮನೆಯವರು ಕಳಿಸಿದ ಲಕೋಟೆಯಲ್ಲಿ ಆ ಚೀಟಿ ಇದೆಯೇ ಎಂದು ನೋಡಬೇಕು. ದಶಮಾನ ನಾಣ್ಯ ಪದ್ಧತಿ ಬಂದದ್ದು 1957ರ ಏಪ್ರಿಲ್ 1ರಂದು, ಹಾಗಾಗಿ ಐ.ಎನ್.ಎಸ್. ಮೈಸೂರಿನ ಮೊದಲ ದಿನಗಳ ಲಕೋಟೆಯ ಮೇಲೆ ನಯಾ ಪೈಸೆ ಚೀಟಿಗಳನ್ನು ನಿರೀಕ್ಷಿಸಬಹುದು. ಎಲ್ಲಕ್ಕಿಂತ ಸರಳವಾದ ಪರೀಕ್ಷೆ ಎಂದರೆ, ಅಂಟಿಸಿದ ಚೀಟಿ ಬಿಡುಗಡೆಯಾದ ತಾರೀಖು ಠಸ್ಸೆಯ ತಾರೀಖಿಗಿಂತ ಮುಂಚಿನದೇ ಎಂದು ಕ್ಯಾಟಲಾಗಿನಲ್ಲಿ ನೋಡುವುದು. ಠಸ್ಸೆಯ ಶಾಯಿ ಚೀಟಿಯ ಅಂಚನ್ನು ದಾಟಿ ಲಕೋಟೆಯ ಕಾಗದದ ಮೇಲೂ ಮುಂದುವರಿದಿರಬೇಕು, ಎರಡೂ ಕಡೆ ಗೆರೆ ಕೂಡಬೇಕು. ಕೂಡದಿದ್ದರೆ ಚೀಟಿಯನ್ನು ಬೇರೆಲ್ಲಿಂದಲೋ ತಂದು ಅಂಟಿಸಲಾಗಿದೆ.

ಹಿಂಬದಿಯನ್ನೂ ಮರೆಯಬೇಡಿ. ಹಿಂದೆ ಪತ್ರ ತಲುಪಿದ ಊರಿನ ಅಂಚೆ ಕಚೇರಿಯವರು ಲಕೋಟೆಯ ಹಿಂಬದಿಯಲ್ಲಿ ಒಂದು ಠಸ್ಸೆ ಒತ್ತುವುದು ಸಾಮಾನ್ಯವಾಗಿತ್ತು. ಮುಂದೆ ಮುಂಬೈ ಬಂದರಿನ ಠಸ್ಸೆ, ಹಿಂದೆ ಸಕಲೇಶಪುರದ್ದೋ ಅರಸೀಕೆರೆಯದ್ದೋ ಠಸ್ಸೆ ಇರುವ ಒಂದು ಲಕೋಟೆ ಸಿಕ್ಕರೆ, ಎರಡು ತಾರೀಖುಗಳ ನಡುವಿನ ಅಂತರವೇ ನಿಮ್ಮ ಅಧ್ಯಯನದ ವಸ್ತುವಾಗುತ್ತದೆ. ಹಡಗಿನಲ್ಲಿ ಬರೆದ ದಿನ ಒಳಗಿನ ಕಾಗದದಲ್ಲಿರುತ್ತದೆ. ಅದಕ್ಕೂ ಬಂದರಿನ ಠಸ್ಸೆಗೂ ನಡುವೆ ಎರಡು ವಾರ ಕಳೆದಿದ್ದರೆ, ಅಷ್ಟು ದಿನ ಹಡಗು ದಡ ಮುಟ್ಟಿರಲಿಲ್ಲ ಎಂದು ಊಹಿಸಲು ಕಾರಣವಿದೆ. ಊಹೆಯನ್ನು ಊಹೆಯೆಂದೇ ಆಲ್ಬಮ್ಮಿನಲ್ಲಿ ಬರೆಯಬೇಕು. ಪ್ರಕಟವಾದ ನೌಕಾ ಇತಿಹಾಸದ ಜೊತೆ ತಾಳೆಯಾದ ಮೇಲೆ ಮಾತ್ರ ಅದನ್ನು ಸಂಗತಿಯೆಂದು ಬರೆಯಬಹುದು.

ವಿದೇಶದ ಹಡಗುಗಳಿಂದ ಇಂದಿಗೂ ಠಸ್ಸೆ ತರಿಸಿಕೊಳ್ಳಬಹುದು. ನಿಮ್ಮದೇ ವಿಳಾಸ ಬರೆದ ಲಕೋಟೆಗೆ ಆ ದೇಶದ ಚೀಟಿಯನ್ನೇ ಹೊಂದಿಸಿ ಅಂಟಿಸಿ, ಅದನ್ನು ಇನ್ನೊಂದು ಲಕೋಟೆಯೊಳಗಿಟ್ಟು, ಹಡಗಿನ ಅಂಚೆ ಅಧಿಕಾರಿಗೆ ಮರ್ಯಾದೆಯಿಂದ ಒಂದು ಚಿಕ್ಕ ಪತ್ರ ಬರೆಯಬೇಕು. ಒಳಗಿನ ಲಕೋಟೆಯಲ್ಲಿ ಗಟ್ಟಿ ರಟ್ಟಿನ ತುಂಡೊಂದನ್ನು ಇಟ್ಟರೆ ಠಸ್ಸೆ ಸ್ಪಷ್ಟವಾಗಿ ಮೂಡುತ್ತದೆ, ದಾರಿಯಲ್ಲಿ ಮಡಿಕೆಯೂ ಬೀಳುವುದಿಲ್ಲ. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಜ್ಞಾಪನಾ ಪತ್ರ ಬರೆಯುವುದು ಸಭ್ಯತೆಯಲ್ಲ. ನಮ್ಮ ನೌಕಾಪಡೆಯಲ್ಲಿ ಸೇವೆಯಲ್ಲಿರುವವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಪರಿಚಯದ ಹುಡುಗ ನೌಕಾಪಡೆಯಲ್ಲಿದ್ದಾನೆಂದು ‘ಈಗ ಎಲ್ಲಿದ್ದೀಯಪ್ಪಾ, ಯಾವ ಬಂದರಿಗೆ ಹೋಗುತ್ತೀರಿ’ ಎಂದು ಸಂಗ್ರಹಕ್ಕಾಗಿ ಕೇಳುವುದು ಸಲ್ಲದು. ವಿಕ್ರಾಂತಿನ ತಂತಿಯ ಕತೆ ಕೇಳಿದವರಿಗೆ ಕಾರಣವನ್ನು ಮತ್ತೆ ಹೇಳಬೇಕಿಲ್ಲ.

ಕೂಡಿಟ್ಟದ್ದನ್ನು ಉಳಿಸಿಕೊಳ್ಳುವ ಮಾತನ್ನು ಹೇಳದಿದ್ದರೆ ಮಲೆನಾಡಿನ ಅಂಚಿನಲ್ಲಿ ಮಾಡಿದ ಈ ಉಪನ್ಯಾಸ ಅಪೂರ್ಣವಾದೀತು. ಸಕಲೇಶಪುರ, ಮೂಡಿಗೆರೆಯ ಕಡೆಯ ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಕಾಗುವುದಿಲ್ಲ. ಬಳಸದ ಚೀಟಿಯ ಗೋಂದು ಪಕ್ಕದ ಹಾಳೆಗೆ ಅಂಟಿಕೊಳ್ಳುತ್ತದೆ. ಹೊರಗೋಡೆಗೆ ತಾಗಿಸಿದ ಬೀರುವಿನಲ್ಲಿ ಆಲ್ಬಮ್ ಇಡಬೇಡಿ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು, ಅವುಗಳನ್ನು ಆಗಾಗ ಬದಲಿಸಿ, ಬಿಸಿಲು ಬಂದ ದಿನ ನೆರಳಿನಲ್ಲೇ ಹಾಳೆಗಳಿಗೆ ಗಾಳಿ ಆಡಿಸಿ. ಅಂಗಡಿಯಲ್ಲಿ ಸಿಗುವ ಅಗ್ಗದ ಪಿ.ವಿ.ಸಿ. ಹಾಳೆಗಳು ಕಾಲಕ್ರಮದಲ್ಲಿ ಶಾಯಿಯನ್ನು ಹಾಳುಮಾಡುತ್ತವೆ. ಪಾಲಿಯೆಸ್ಟರ್ ಹಾಳೆಗೆ ಬೆಲೆ ಹೆಚ್ಚಾದರೂ ಅದನ್ನೇ ಕೊಳ್ಳಿ. ಸೆಲ್ಲೋಟೇಪ್, ರಬ್ಬರ್ ಬ್ಯಾಂಡ್, ಗುಂಡುಪಿನ್ನು ಮೂರೂ ಬೇಡ.

ಇನ್ನು ಮುಂದೆ ಕೂಡಿಡಲು ಏನು ಉಳಿದೀತು ಎಂಬುದು ಸಭೆಯಲ್ಲಿ ಹಿರಿಯರೊಬ್ಬರು ಎತ್ತಿದ ಪ್ರಶ್ನೆ. ನೌಕಾಪಡೆಯ ಸಂಪರ್ಕಕ್ಕೆಂದೇ ಮೀಸಲಾದ ಮೊದಲ ಉಪಗ್ರಹ ಜಿಸ್ಯಾಟ್-7 ಅನ್ನು 2013ರ ಆಗಸ್ಟ್ 30ರಂದು ಹಾರಿಸಲಾಯಿತು. ಅದರ ನಿಯಂತ್ರಣವನ್ನು ಕೈಗೆತ್ತಿಕೊಂಡದ್ದು ಇದೇ ಹಾಸನದಲ್ಲಿ 1982ರಿಂದ ಇರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. ಹಡಗು ಹಡಗಿನ ನಡುವಿನ ಮಾತಿಗೆ ನಮ್ಮ ಊರಿನ ಆಂಟೆನಾಗಳ ನಂಟಿರುವ ಈ ಕಾಲದಲ್ಲಿ ನಾವಿಕರೂ ಬಂದರು ತಲುಪಿದೊಡನೆ ಫೋನ್ ಮಾಡುತ್ತಾರೆ. ಲಕೋಟೆ ಬರೆಯುವವರು ಬಹಳ ಕಡಿಮೆ. ಹೊಸ ವಿಕ್ರಾಂತ್ 2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ ಸೇವೆಗೆ ಸೇರಿದೆ. ಅದರ ಸಮಾರಂಭದ ಲಕೋಟೆಗಳು ಮುಂದೆಯೂ ಬೇಕಾದಷ್ಟು ಸಿಗುತ್ತವೆ. 1961ರ ನವೆಂಬರ್‌ನಲ್ಲಿ ಹಳೆಯ ವಿಕ್ರಾಂತ್ ಮುಂಬೈಗೆ ಬಂದು ಸೇರಿದ ಮೇಲೆ ಅದರೊಳಗೆ ದುಡಿದವರು ಬರೆದಂತಹ ಮನೆಪತ್ರಗಳು ಹೊಸದಾಗಿ ಹುಟ್ಟುವುದಿಲ್ಲ.

ಹಾಗೆಂದು ನಾನು ನಿರಾಶನಾಗಿಲ್ಲ, ಏಕೆಂದರೆ ಹಳೆಯವು ಇನ್ನೂ ಮನೆಗಳಲ್ಲೇ ಇವೆ. ಈ ಜಿಲ್ಲೆಯಿಂದ, ಪಕ್ಕದ ಚಿಕ್ಕಮಗಳೂರಿನಿಂದ, ಕೊಡಗಿನಿಂದ ನೌಕಾಪಡೆಗೆ ಸೇರಿ ನಿವೃತ್ತರಾದವರ ಮನೆಯ ಟ್ರಂಕುಗಳಲ್ಲಿ ಅಂತಹ ಕಟ್ಟುಗಳಿವೆ. ಅವರ ಬಳಿ ಹೋದಾಗ ಕೊಳ್ಳುವ ಮಾತನ್ನು ಮೊದಲು ಎತ್ತಬೇಡಿ. ಪತ್ರವನ್ನು ಮನೆಯವರು ಓದಲು ಕೊಟ್ಟರೆ ಮಾತ್ರ ಓದಿ. ಲಕೋಟೆಯ ಎರಡೂ ಬದಿಯ ಚಿತ್ರ ತೆಗೆದುಕೊಂಡು, ಬರೆದವರು ಯಾವ ಹಡಗಿನಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾವ ಕೆಲಸದಲ್ಲಿದ್ದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬೇರೆ ಹಾಳೆಯಲ್ಲಿ ಬರೆದುಕೊಂಡು, ಅದರ ಒಂದು ಪ್ರತಿಯನ್ನು ಅವರಿಗೂ ಕೊಟ್ಟು ಬನ್ನಿ. ಮೊಮ್ಮಕ್ಕಳ ಆಲ್ಬಮ್ಮಿಗೆಂದು ಲಕೋಟೆಯ ಮೂಲೆಯ ಚೀಟಿಯನ್ನು ಕತ್ತರಿಸಿ ಕೊಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಆ ಕತ್ತರಿಗೆ ಠಸ್ಸೆಯ ಅರ್ಧ, ತಾರೀಖಿನ ಅರ್ಧ ಹೋಗಿಬಿಡುತ್ತದೆಂದು ದಯವಿಟ್ಟು ಅವರಿಗೆ ಅಂದೇ ತಿಳಿಸಿ ಬನ್ನಿ.